ಮೂವತ್ತೈದರಲ್ಲಿ ಎಂಬಿಬಿಎಸ್: ವಯಸ್ಸಿನ ಮಿತಿ ಹೋಯಿತು, ಮಿಕ್ಕಿದ್ದೆಲ್ಲ ಹಾಗೇ ಇದೆ

ಹಾಸನ ಜಿಲ್ಲೆಯ ಒಂದು ಹಳ್ಳಿ ಶಾಲೆ. ಮುಖ್ಯೋಪಾಧ್ಯಾಯಿನಿ ಬೀರುವಿನ ತಳದಿಂದ ಹಳೇ ದಾಖಲಾತಿ ರಿಜಿಸ್ಟರು ಎಳೆದು, ಧೂಳು ಕೊಡವಿ, 1994ರ ಪುಟ ಹುಡುಕುತ್ತಾ ಕೇಳಿದರಂತೆ:

“ವ್ಯಾಸಂಗ ಪ್ರಮಾಣಪತ್ರ ಯಾರಿಗೆ ಸರ್, ಮಗನಿಗಾ?”

“ಇಲ್ಲ ಮೇಡಂ, ನನಗೇ.”

“ನಿಮಗಾ? ಯಾತಕ್ಕೆ?”

“ಎಂಬಿಬಿಎಸ್ ಸೀಟಿಗೆ. ಕೆಇಎದವರು, ಅದೇ ಪರೀಕ್ಷಾ ಪ್ರಾಧಿಕಾರದವರು, ಕೇಳ್ತಾರೆ. ಏಳು ವರ್ಷ ಕರ್ನಾಟಕದಲ್ಲಿ ಓದಿದ್ದು, ಕನ್ನಡ ಮಾಧ್ಯಮದಲ್ಲಿ ಓದಿದ್ದು, ಎರಡೂ ಬೇಕು.”

ಮೇಡಂ ಒಮ್ಮೆ ಫಾರಂ ನೋಡಿದರು, ಒಮ್ಮೆ ಇವನ ನರೆತ ಗಡ್ಡ ನೋಡಿದರು. ಫಾರಂನಲ್ಲಿ ‘ಕುಮಾರ/ಕುಮಾರಿ’ ಅಂತ ಅಚ್ಚಾಗಿತ್ತು. ‘ಕುಮಾರಿ’ ಹೊಡೆದು ಹಾಕುವುದು ಸುಲಭವಾಯಿತು. ‘ಕುಮಾರ’ ಅನ್ನುವುದಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಅದನ್ನೂ ಹೊಡೆದು ಮೇಲೆ ‘ಶ್ರೀ’ ಎಂದು ಬರೆದರು. ಮೇಲುರುಜು ಹಾಕಿಸಲು ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರ ತಕರಾರು: “ತಿದ್ದಿದೆಯಲ್ಲ, ತಿದ್ದಿದ ಕಡೆ ಹೆಚ್‌ಎಂ ಇನಿಷಿಯಲ್ ಹಾಕಿಸ್ಕೊಂಡು ಬನ್ನಿ.” ಮತ್ತೆ ಇಪ್ಪತ್ತು ಕಿಲೋಮೀಟರು ಹಿಂದಕ್ಕೆ.

ಇದನ್ನು ಹೇಳಿದವನು ಬೆಂಗಳೂರಿನಲ್ಲಿ ನನ್ನ ಜತೆ ಕೆಲಸ ಮಾಡುತ್ತಿದ್ದ ಗೆಳೆಯ. ಹನ್ನೆರಡು ವರ್ಷ ಸಾಫ್ಟ್‌ವೇರ್‌ನಲ್ಲಿದ್ದು, 2022ರಲ್ಲಿ ರಾಜೀನಾಮೆ ಕೊಟ್ಟು, 2023ರಲ್ಲಿ ತನ್ನ ಮೂವತ್ತೈದನೇ ವಯಸ್ಸಿನಲ್ಲಿ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಸೇರಿದ. ಅವನ ಕತೆಯಲ್ಲಿ ನನಗೆ ಮರೆಯಲಾಗದೆ ಉಳಿದದ್ದು ಆ ‘ಕುಮಾರ/ಕುಮಾರಿ’. ಆ ಫಾರಂ ಅಚ್ಚಾದದ್ದು ಹದಿನೇಳು ಹದಿನೆಂಟರ ಮಕ್ಕಳಿಗೆ. ನಮ್ಮ ದೇಶದ ವೈದ್ಯಕೀಯ ಶಿಕ್ಷಣದ ಇಡೀ ಏರ್ಪಾಡೂ ಅದೇ ಅಳತೆಗೆ ಹೊಲಿದ ಅಂಗಿ. ದೊಡ್ಡವರು ತೊಡಬಾರದು ಅಂತ ಈಗ ಯಾರೂ ಹೇಳುವುದಿಲ್ಲ. ತೊಡಲು ಹೋದಾಗ ಎಲ್ಲೆಲ್ಲಿ ಬಿಗಿಯುತ್ತದೆ ಅನ್ನುವುದು ತೊಟ್ಟವರಿಗೇ ಗೊತ್ತು.

ವಯಸ್ಸಿನ ಮಿತಿಯ ಕತೆ ದೊಡ್ಡದೇನಲ್ಲ. 2018ರ ಜನವರಿಯಲ್ಲಿ ನಿಯಮಗಳಿಗೆ ಬಂದ ತಿದ್ದುಪಡಿಯಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯಲು ಸಾಮಾನ್ಯ ವರ್ಗಕ್ಕೆ 25, ಮೀಸಲಾತಿ ವರ್ಗಗಳಿಗೆ 30 ಎಂದು ಗರಿಷ್ಠ ವಯಸ್ಸು ಗೊತ್ತು ಮಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನು ಎತ್ತಿ ಹಿಡಿಯಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಅಂತಿಮ ತೀರ್ಪಿಗೆ ಒಳಪಟ್ಟಂತೆ 25 ದಾಟಿದವರೂ ಬರೆಯಬಹುದು ಎಂದಿತು. ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ 2020ರ ನೀಟ್ ಪಾಸಾಗಿ ಸರ್ಕಾರಿ ಕಾಲೇಜು ಸೇರಿ ಸುದ್ದಿಯಾದದ್ದು ಈ ಆದೇಶದ ನೆರಳಿನಲ್ಲೇ. 2021ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಮಿತಿಯೇ ಬೇಡ ಎಂದು ತೀರ್ಮಾನಿಸಿತು. 2022ರ ಮಾರ್ಚ್‌ನಲ್ಲಿ ಅದು ಬಹಿರಂಗವಾಯಿತು. ಈಗ ಕನಿಷ್ಠ ವಯಸ್ಸು ಮಾತ್ರ ಇದೆ: ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಒಂದು ತಮಾಷೆ ಇಲ್ಲೇ ಹೇಳಿಬಿಡುತ್ತೇನೆ. 2020ರ ನೀಟ್‌ನಲ್ಲಿ ಇಬ್ಬರಿಗೆ 720ಕ್ಕೆ 720 ಬಂತು. ಮೊದಲ ರ್‍ಯಾಂಕ್ ಯಾರಿಗೆ ಅನ್ನುವುದು ಇತ್ಯರ್ಥವಾದದ್ದು ವಯಸ್ಸಿನ ಮೇಲೆ, ಹಿರಿಯರಿಗೆ ಮೊದಲು ಎಂಬ ಅಂದಿನ ನಿಯಮದಂತೆ. ಒಂದು ಕಡೆ ವಯಸ್ಸಾದವರು ಬೇಡ ಎಂದು ಕೋರ್ಟಿನಲ್ಲಿ ವಾದ, ಇನ್ನೊಂದು ಕಡೆ ಹಿರಿಯರಿಗೆ ಮೊದಲ ಮಣೆ!

ಮಿತಿ ಹೋದ ಮೇಲೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಊಟದ ಹೊತ್ತಿಗೆ ಈ ಮಾತು ಬರುವುದು ಹೆಚ್ಚಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2020-21ರಲ್ಲಿ ಅಪ್ಪ ಅಮ್ಮನನ್ನು ಐಸಿಯು ಬಾಗಿಲಿಗೆ ಬಿಟ್ಟು ಹೊರಗೆ ಕೂತ ತಲೆಮಾರು ಇದು. ಆಮೇಲೆ ಕಂಪನಿಗಳ ಲೇಆಫ್ ಶುರುವಾಯಿತು, ಎಐ ಭಯವೂ ಸೇರಿಕೊಂಡಿತು. ಆದರೆ ನನ್ನ ಅಂದಾಜಿನಲ್ಲಿ ಕರ್ನಾಟಕದ ಮಟ್ಟಿಗೆ ಇದಕ್ಕೆ ಇನ್ನೂ ಹಳೆಯ ಬೇರಿದೆ. ಈಗ ಮೂವತ್ತೈದರ ಆಸುಪಾಸಿನಲ್ಲಿರುವವರು ಪಿಯುಸಿ ಮುಗಿಸಿದ್ದು ಸಿಇಟಿ ಕಾಲದಲ್ಲಿ. ಜೀವಶಾಸ್ತ್ರವೂ ಸೇರಿದ ಪಿಸಿಎಂಬಿ ತಗೊಂಡು, ಮೆಡಿಕಲ್ ಕೂದಲೆಳೆಯಲ್ಲಿ ತಪ್ಪಿ, “ಸೀಟು ಸಿಕ್ಕಿದ್ದಲ್ಲಿ ಸೇರ್ಕೊ” ಎಂದು ಅಪ್ಪ ಹೇಳಿದ್ದಕ್ಕೆ ಇಂಜಿನಿಯರಾದವರು ಲೆಕ್ಕವಿಲ್ಲ. ಇವರು ಕೋಡ್ ಬರೆಯುತ್ತಿದ್ದ ಹೊತ್ತಿನಲ್ಲಿ ಆ ಕಡೆ ಸೀಟು ದುಪ್ಪಟ್ಟಾಯಿತು. 2014ಕ್ಕೆ ಮೊದಲು ದೇಶದಲ್ಲಿ 51,348 ಎಂಬಿಬಿಎಸ್ ಸೀಟಿತ್ತು; ಹತ್ತು ವರ್ಷದಲ್ಲಿ 1.18 ಲಕ್ಷಕ್ಕೆ ಬಂತು. ಕರ್ನಾಟಕ ಒಂದರಲ್ಲೇ ಹನ್ನೆರಡು ಸಾವಿರಕ್ಕೂ ಹೆಚ್ಚು. ‘ಆಗ ಇಷ್ಟು ಸೀಟಿದ್ದಿದ್ದರೆ’ ಅನ್ನುವ ಮಾತು ಮನಸ್ಸಿಗೆ ಹೊಕ್ಕ ಮೇಲೆ ಹೊರಡಿಸುವುದು ಕಷ್ಟ.

ಪಿಸಿಎಂಬಿಯವರ ಪಾಡು ಹೀಗಾದರೆ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ತಗೊಂಡವರದು ಬೇರೆ. ನೀಟ್‌ಗೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಬಹಳ ಕಾಲ ಇವರಿಗೆ ದಾರಿಯೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಎನ್‌ಎಂಸಿ ಸಡಿಲಿಸಿ, ಪಿಯುಸಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದರೂ ಸಾಕು ಎಂದಿತು. ಹದಿನಾರನೇ ವಯಸ್ಸಿನಲ್ಲಿ ಕಾಲೇಜಿನ ಕೌಂಟರಿನಲ್ಲಿ ಹಾಕಿದ ಒಂದು ಟಿಕ್ ಮಾರ್ಕು ಇಪ್ಪತ್ತು ವರ್ಷದ ಮೇಲೂ ಕಾಲಿಗೆ ತೊಡರುತ್ತಿತ್ತು, ಅದಷ್ಟು ಬಿಡಿಸಿಕೊಂಡಿತು.

ಇನ್ನು ಪರೀಕ್ಷೆ. ಐದರಲ್ಲಿ ಬಗ್ಗದ್ದು ಐವತ್ತರಲ್ಲಿ ಬಗ್ಗೀತೇ ಎಂದು ಊರಿನವರು ಕೇಳುತ್ತಾರೆ. ನಾನು ಕಂಡಂತೆ ಮಿದುಳು ಬಗ್ಗುತ್ತದೆ, ದಿನಚರಿ ಬಗ್ಗುವುದಿಲ್ಲ. 2025ರ ಮಾದರಿಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಸರಿಗೆ ನಾಲ್ಕು ಅಂಕ, ತಪ್ಪಿದರೆ ಒಂದು ಕಳೆಯುತ್ತಾರೆ. ಇದರಲ್ಲಿ ಅರ್ಧ, ಅಂದರೆ 720ರಲ್ಲಿ 360 ಅಂಕ, ಜೀವಶಾಸ್ತ್ರಕ್ಕೆ. ಇಂಜಿನಿಯರಿಗೆ ಭೌತಶಾಸ್ತ್ರ ಒಂದಷ್ಟು ಕೈಹಿಡಿಯುತ್ತದೆ, ಆದರೆ ಅದರ ತೂಕ ಕಾಲು ಭಾಗ. ಜೀವಶಾಸ್ತ್ರದಲ್ಲಿ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲೇ ಪ್ರಶ್ನೆಯಾಗಿ ಬರುತ್ತದೆ. ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡುವಂತಿಲ್ಲ. ಮಂಗಳೂರು, ಮೂಡುಬಿದಿರೆ ಕಡೆಯ ಹಾಸ್ಟೆಲಿನಲ್ಲಿ ನೀಟ್ ತಯಾರಿಯ ಲಾಂಗ್ ಟರ್ಮ್ ಬ್ಯಾಚಿಗೆ ಕೂತ ಹುಡುಗಿ ಆ ಪುಸ್ತಕವನ್ನು ಹತ್ತು ಸಲ ತಿರುವಿರುತ್ತಾಳೆ. ನನ್ನ ಗೆಳೆಯನಂಥವನಿಗೆ ರಾತ್ರಿ ಹತ್ತರ ಮೇಲೆ, ಅಮೆರಿಕದ ಕಾಲ್ ಮುಗಿದು, ಮಗು ಮಲಗಿದ ನಂತರ ಸಿಗುವ ಎರಡು ಗಂಟೆ. ಗೆಳೆಯ 2022ರಲ್ಲಿ ಕೆಲಸದಲ್ಲಿದ್ದುಕೊಂಡೇ ಬರೆದ. ಪಾಸೇನೋ ಆದ, ಸೀಟಿನ ಹತ್ತಿರಕ್ಕೂ ಸುಳಿಯಲಿಲ್ಲ.

ಹೌದು, ಪಾಸಾಗುವುದೇ ಬೇರೆ, ಸೀಟು ಸಿಗುವುದೇ ಬೇರೆ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದು 12.36 ಲಕ್ಷ ಮಂದಿ ಅರ್ಹರಾದರು. ಸೀಟು ಅದರ ಹತ್ತನೇ ಒಂದು ಭಾಗದಷ್ಟು. ಅಂಕದ ಅಂದಾಜು ಹಾಕಿ ಕೆಲಸ ಬಿಡೋಣ ಎಂದರೆ ಅದಕ್ಕೂ ಈ ಪರೀಕ್ಷೆ ಒಗ್ಗುವುದಿಲ್ಲ: 2024ರಲ್ಲಿ ಪೂರ್ತಿ 720 ತೆಗೆದವರು ಮೊದಲು 67, ಪರಿಷ್ಕರಣೆಯ ನಂತರ 17 ಮಂದಿ, ಮರುವರ್ಷ ಭೌತಶಾಸ್ತ್ರ ಕಠಿಣವಾಗಿ ದೇಶಕ್ಕೇ ಮೊದಲು ಬಂದವರ ಅಂಕ 686. ಹದಿನೆಂಟರ ಹುಡುಗನಿಗೆ ಇಂಥ ಏರುಪೇರಿನಲ್ಲಿ ಒಂದು ವರ್ಷ ಹೋದರೆ ಹೋಯಿತು. ಮನೆ ಸಾಲ ಇರುವವನಿಗೆ ಹಾಗಲ್ಲ.

ಗೆಳೆಯನನ್ನು ದಡ ಸೇರಿಸಿದ್ದು ಹಳ್ಳಿ ಶಾಲೆಯ ಆ ಎರಡನೇ ಕಾಗದ. ರಾಜ್ಯದ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು. “ಆಫೀಸಲ್ಲಿ ಹನ್ನೆರಡು ವರ್ಷ ನನ್ನ ಇಂಗ್ಲಿಷ್ ಆಕ್ಸೆಂಟ್ ಮುಚ್ಚಿಟ್ಕೊಂಡಿದ್ದೆ, ಕೊನೆಗೆ ಸೀಟು ಕೊಡಿಸಿದ್ದು ಆ ಕನ್ನಡ ಶಾಲೆನೇ” ಎಂದು ನಗುತ್ತಾನೆ.

ದುಡ್ಡಿನ ಮಾತಿಗೆ ಬರೋಣ. ಎಲ್ಲರೂ ಫೀಸು ಕೇಳುತ್ತಾರೆ. ಕರ್ನಾಟಕದ ಸರ್ಕಾರಿ ಕಾಲೇಜಿನಲ್ಲಿ ಅದು ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಾದರೆ ಒಂದೂವರೆ ಲಕ್ಷದ ಸುತ್ತಮುತ್ತ, ಖಾಸಗಿ ಕೋಟಾ ಆದರೆ ಹತ್ತು ಹನ್ನೆರಡು ಲಕ್ಷ. ಅದರಾಚೆಗಿನ ಎನ್‌ಆರ್‌ಐ, ಮ್ಯಾನೇಜ್‌ಮೆಂಟ್ ಸೀಟಿನ ಸುದ್ದಿ ಇಲ್ಲಿ ಬೇಡ. ಸರ್ಕಾರಿ ಸೀಟು ಸಿಕ್ಕಿದವನಿಗೆ ಫೀಸು ಖರ್ಚೇ ಅಲ್ಲ. ಖರ್ಚು ಅಂದರೆ ಬಾರದೆ ಹೋದ ಸಂಬಳ. ತಿಂಗಳಿಗೆ ಒಂದೂವರೆ ಲಕ್ಷ ಕೈಗೆ ಬರುತ್ತಿದ್ದವನು ಎಂದಿಟ್ಟುಕೊಳ್ಳಿ. ತಯಾರಿಗೆ ಒಂದು ವರ್ಷ, ಎಂಬಿಬಿಎಸ್ ತರಗತಿ ನಾಲ್ಕೂವರೆ ವರ್ಷ, ಒಟ್ಟು 66 ತಿಂಗಳು. ಇನ್‌ಕ್ರಿಮೆಂಟು ಬಿಟ್ಟು ಲೆಕ್ಕ ಹಾಕಿದರೂ 99 ಲಕ್ಷ. ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅದಕ್ಕೆ ಸ್ಟೈಪೆಂಡ್ ಬರುತ್ತದೆ, ಹಳೇ ಸಂಬಳದ ಕಾಲು ಭಾಗವೂ ಇರದು. ಎಂಡಿ ಮಾಡುವುದಾದರೆ ನೀಟ್ ಪಿಜಿಗೆ ತಯಾರಿ, ಮೂರು ವರ್ಷ ಓದು. ಮೂವತ್ತೈದರಲ್ಲಿ ಸೇರಿದವನು ಎಲ್ಲೂ ಎಡವದೆ ನಡೆದರೆ ನಲವತ್ತೈದರ ಹತ್ತಿರ ತಜ್ಞ ವೈದ್ಯ.

ಇದಕ್ಕಿಂತ ದೊಡ್ಡ ಏಟು ಲೆಕ್ಕದ ಹಾಳೆಯಲ್ಲಿ ಕಾಣಿಸದು. ಕಂಪನಿ ಬಿಟ್ಟ ದಿನ ಅಪ್ಪ ಅಮ್ಮನ ಹೆಸರಲ್ಲಿದ್ದ ಆರೋಗ್ಯ ವಿಮೆಯೂ ಹೋಗುತ್ತದೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ತಂದೆಗೆ ಹೊರಗೆ ಪಾಲಿಸಿ ಕೊಳ್ಳಲು ಹೋಗಿ ನೋಡಿ. ವೈದ್ಯನಾಗಲು ಹೊರಟವನ ಮನೆಯಲ್ಲೇ ಆಸ್ಪತ್ರೆ ಬಿಲ್ಲಿಗೆ ದಿಕ್ಕಿಲ್ಲ!

ಓದಿನ ಜತೆಗೆ ಅಷ್ಟಿಷ್ಟು ಫ್ರೀಲ್ಯಾನ್ಸ್ ಮಾಡಿಕೊಂಡು ದೂಡಬಹುದು ಎಂದು ಹೊರಟವರಿಗೆ ಹಾಜರಾತಿ ಬುದ್ಧಿ ಕಲಿಸುತ್ತದೆ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಕಡ್ಡಾಯ. ಮೊದಲ ವರ್ಷವನ್ನು ಹೆಚ್ಚೆಂದರೆ ನಾಲ್ಕು ಪ್ರಯತ್ನದಲ್ಲಿ ಮುಗಿಸಬೇಕು. ಇಡೀ ಕೋರ್ಸಿಗೆ ಒಂಬತ್ತು ವರ್ಷದ ಗಡುವು ಉಂಟು.

ತರಗತಿಯೊಳಗಿನ ದಿನಗಳ ಬಗ್ಗೆ ಗೆಳೆಯ ಹೇಳುವುದು ಕೇಳಿದರೆ ನಗುವೂ ಬರುತ್ತದೆ, ಒಂದು ಥರ ಕಸಿವಿಸಿಯೂ ಆಗುತ್ತದೆ. ಮೊದಲ ವಾರ ಬ್ಯಾಚಿನ ಹುಡುಗರು ‘ಸರ್’ ಎಂದು ಎದ್ದು ನಿಂತರು. ಎರಡನೇ ವಾರ ‘ಅಂಕಲ್’ ಆದ. ಮೊದಲ ಇಂಟರ್ನಲ್ಸ್‌ನಲ್ಲಿ ಬಯೋಕೆಮಿಸ್ಟ್ರಿ ಫೇಲಾದ ಮೇಲೆ ‘ಅಣ್ಣ’ ಆದ. ಅಲ್ಲಿಂದ ಮುಂದೆ ಚಿಂತೆಯಿರಲಿಲ್ಲ ಅನ್ನುತ್ತಾನೆ. ಡಿಸೆಕ್ಷನ್ ಹಾಲಿನಲ್ಲಿ ಫಾರ್ಮಲಿನ್ ಘಾಟಿಗೆ ಎಲ್ಲರ ಕಣ್ಣೂ ಉರಿಯಿತು. ಇವನಿಗೆ ಉರಿಯ ಜತೆ ಇನ್ನೊಂದೂ ಇತ್ತು: ಮೇಜಿನ ಮೇಲಿದ್ದ ದೇಹ ಹೆಚ್ಚುಕಡಿಮೆ ಇವನದೇ ವಯಸ್ಸಿನದು. ಸುತ್ತ ನಿಂತ ಹದಿನೆಂಟರವರಿಗೆ ಅದು ಹೊಳೆಯಲೂ ಇಲ್ಲ.

ಎರಡನೇ ವರ್ಷ ವಾರ್ಡ್ ಪೋಸ್ಟಿಂಗ್ ಶುರುವಾದಾಗ ಆಟವೇ ತಿರುಗಿತು. ರೌಂಡ್ಸ್‌ಗೆ ಬಂದ ಅಸಿಸ್ಟೆಂಟ್ ಪ್ರೊಫೆಸರಿಗೆ ಮೂವತ್ತೆರಡು. ಹಿಂದೆ ನಿಂತ ಇವನಿಗೆ ಮೂವತ್ತಾರು, ಕನ್ನಡಕ, ನರೆಗೂದಲು. ರೋಗಿಯ ಹೆಂಡತಿ ನೇರ ಇವನ ಹತ್ತಿರ ಬಂದು ಕೈ ಮುಗಿದಳು: “ದೊಡ್ಡ ಡಾಕ್ಟ್ರೇ, ನಮ್ಮೆಜಮಾನ್ರು ಉಳೀತಾರಾ?” ಇವನಿಗೆ ಆಗಿನ್ನೂ ಸ್ಟೆತಸ್ಕೋಪು ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಆದರೆ ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ನಿಜವಾದ ಡಾಕ್ಟರನ್ನು ತೋರಿಸಿ, ಅವರು ಹೇಳಿದ್ದನ್ನು ಆಕೆಗೆ ತಿಳಿಯುವ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದ. ರೋಗಿಯ ಹಿಸ್ಟರಿ ತೆಗೆದುಕೊಳ್ಳುವುದು ಅವನಿಗೆ ಮೊದಲ ದಿನದಿಂದ ಸಲೀಸು. ಸಿಟ್ಟಾದ ಕ್ಲೈಂಟಿನ ಹತ್ತಿರ ನಿಜವಾದ ತೊಂದರೆ ಏನೆಂದು ಬಾಯಿ ಬಿಡಿಸುವ ಕೆಲಸವನ್ನೇ ಅಲ್ಲವೇ ಹನ್ನೆರಡು ವರ್ಷ ಮಾಡಿದ್ದು?

ನನ್ನ ತಕರಾರು ಇಲ್ಲೇ ಶುರುವಾಗುವುದು. ಈ ಅನುಭವಕ್ಕೆ ನಮ್ಮ ಪದ್ಧತಿ ಕೊಡುವ ಬೆಲೆ ಸೊನ್ನೆ. ಒಳಬರುವಾಗಲೂ ಸೊನ್ನೆ, ಓದುವಾಗಲೂ ಸೊನ್ನೆ, ಹೊರಹೋಗುವಾಗ ಸೊನ್ನೆಗಿಂತ ಕಡಿಮೆ. ಹೊರಹೋಗುವಾಗ ಅಂದೆನಲ್ಲ, ಅದನ್ನು ವಿವರಿಸುತ್ತೇನೆ, ಏಕೆಂದರೆ ಕೆಲಸ ಬಿಡುವ ಮುನ್ನ ಇದನ್ನು ನೋಡಿದವರು ಕಡಿಮೆ. ಕೇಂದ್ರ ಸರ್ಕಾರದ ವೈದ್ಯ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಸಂಯುಕ್ತ ವೈದ್ಯಕೀಯ ಸೇವಾ ಪರೀಕ್ಷೆಗೆ ಸಾಮಾನ್ಯ ವಯೋಮಿತಿ 32. ಕೇಂದ್ರ ಆರೋಗ್ಯ ಸೇವೆಯ ಸಾಮಾನ್ಯ ಕರ್ತವ್ಯ ಹುದ್ದೆಗಳಿಗೆ 35. ಸೇನೆಯ ವೈದ್ಯಕೀಯ ಸೇವೆಯಲ್ಲಿ ಸೀಮಿತ ಅವಧಿಯ ಶಾರ್ಟ್ ಸರ್ವೀಸ್ ಕಮಿಷನ್‌ಗೆ ಎಂಬಿಬಿಎಸ್ ಆದವರಿಗೆ 30, ಪಿಜಿ ಆದವರಿಗೆ 35. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ ಸೇರುವುದಕ್ಕೇ 24ರ ಗೆರೆ. ಮೂವತ್ತೈದರಲ್ಲಿ ಎಂಬಿಬಿಎಸ್ ಸೇರಿಸಿಕೊಂಡ ಸರ್ಕಾರವೇ ನಲವತ್ತೊಂದರಲ್ಲಿ ಅವನು ಡಿಗ್ರಿ ಹಿಡಿದು ಬಂದಾಗ ವಯಸ್ಸು ಮೀರಿದೆ ಎನ್ನುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಹೆಚ್ಚಾಗಿ ಉಳಿಯುವುದು ಗುತ್ತಿಗೆ ಹುದ್ದೆ, ಖಾಸಗಿ ಆಸ್ಪತ್ರೆ, ಸ್ವಂತ ಕ್ಲಿನಿಕ್ಕು. 2022ರ ಕೊನೆಯಲ್ಲಿ ರಾಜ್ಯದಲ್ಲಿ 438 ‘ನಮ್ಮ ಕ್ಲಿನಿಕ್’ ಎಂಬ ಸಣ್ಣ ಸರ್ಕಾರಿ ಚಿಕಿತ್ಸಾಲಯಗಳ ಯೋಜನೆ ಬಂತು, ಅಲ್ಲಿಗೆ ಬೇಕಾದದ್ದು ಬರಿಯ ಎಂಬಿಬಿಎಸ್ ವೈದ್ಯರು. ಗೆಳೆಯನ ಕಣ್ಣು ಅಂಥ ಕೆಲಸದ ಮೇಲಿದೆ. ಪಿಜಿ ಬಗ್ಗೆ ಅವನಿಗೇ ಅನುಮಾನ. ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆಂಟ್ ವೈದ್ಯರು ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ದುಡಿಯಬಾರದು ಎಂದು ಕೇಂದ್ರದ 1992ರ ಸುತ್ತೋಲೆ ಹೇಳುತ್ತದೆ. ಯಾವುದೇ ದೊಡ್ಡ ಆಸ್ಪತ್ರೆಯ ಪಿಜಿಗಳನ್ನು ಕೇಳಿ ನೋಡಿ, 36 ಗಂಟೆಯ ಡ್ಯೂಟಿಯ ಕತೆ ಹೇಳುತ್ತಾರೆ. ನಲವತ್ತೆರಡರ ಬೆನ್ನುಮೂಳೆ ಸುತ್ತೋಲೆ ಓದಿ ನಿಲ್ಲುವುದಿಲ್ಲ.

ಈಗ ಎದುರು ವಾದ. “ಜನರ ತೆರಿಗೆಯಲ್ಲಿ ನಡೆಯುವ ಸೀಟು. ಹದಿನೆಂಟರವನಿಗೆ ಕೊಟ್ಟರೆ ನಲವತ್ತು ವರ್ಷ ಸೇವೆ ಸಿಗುತ್ತದೆ, ಮೂವತ್ತೈದರವನಿಗೆ ಕೊಟ್ಟರೆ ಇಪ್ಪತ್ತೈದು. ಅರವತ್ನಾಲ್ಕರವರಿಗೆ ಕೊಟ್ಟರೆ?” ಇದು ತಳ್ಳಿಹಾಕುವ ಮಾತಲ್ಲ. ಸೀಟು ಇಷ್ಟು ಬಿಗಿಯಿರುವ ದೇಶದಲ್ಲಿ, ಯಾವುದೋ ತಾಲ್ಲೂಕಿನ ಒಬ್ಬ ಹುಡುಗಿ ಆ ಒಂದು ಸ್ಥಾನದಿಂದ ಕೆಳಗಿಳಿದಿರುತ್ತಾಳೆ, ಅದು ದಿಟ. ಒಡಿಶಾದ ಸುದ್ದಿ ಓದಿದಾಗ ನನಗೂ ಚಪ್ಪಾಳೆಯ ಜತೆಜತೆಗೇ ಈ ಪ್ರಶ್ನೆ ಬಂದಿತ್ತು.

ಆದರೆ ಈ ಲೆಕ್ಕವನ್ನು ನಾವು ಒಂದೇ ಕಡೆಯಿಂದ ಕೇಳುತ್ತೇವೆ. ಸರ್ಕಾರಿ ಸೀಟಿನಲ್ಲಿ ಎಂಬಿಬಿಎಸ್ ಮುಗಿಸಿ ಒಂದು ದಿನವೂ ರೋಗಿ ನೋಡದೆ ಐಎಎಸ್‌ಗೆ ಹೋದವರಿಗೆ ಊರಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ. ಡಿಗ್ರಿ ಕೈಗೆ ಬಂದ ಕೂಡಲೇ ವಿಮಾನ ಹತ್ತಿದವರ ಬಗ್ಗೆ ಅಪ್ಪ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಗ ಸೀಟು ವ್ಯರ್ಥವಾಯಿತೆಂದು ಯಾರೂ ಕೋರ್ಟಿಗೆ ಹೋಗಲಿಲ್ಲ. ಬದುಕು ಕಂಡು, ಸಂಬಳ ಬಿಟ್ಟು, ಇದೇ ಬೇಕು ಅಂತ ಬಂದವನು ವೈದ್ಯಕೀಯ ಬಿಟ್ಟು ಓಡುವ ಸಂಭವ ಹದಿನೇಳರಲ್ಲಿ ಅಪ್ಪನ ಒತ್ತಾಯಕ್ಕೆ ಸೇರಿದವನಿಗಿಂತ ಕಡಿಮೆ ಎಂದು ನನ್ನ ಅನಿಸಿಕೆ. ಮೇಲಾಗಿ ಕ್ಲಿನಿಕ್ಕಿಗೆ ನಿವೃತ್ತಿ ಅನ್ನುವುದಿಲ್ಲ. ನಮ್ಮ ಊರುಗಳಲ್ಲಿ ಎಪ್ಪತ್ತೈದರ ಡಾಕ್ಟರ ಮುಂದೆ ಈಗಲೂ ಟೋಕನ್ ಹಿಡಿದು ಕೂರುತ್ತಾರೆ. ತಡವಾಗಿ ಬಂದವರು ಬೇರೆ ಕಡೆ ಇಲ್ಲವೆಂದೂ ಅಲ್ಲ. ಆಲ್ಬರ್ಟ್ ಶ್ವೈಟ್ಜರ್ ದೇವತಾಶಾಸ್ತ್ರದ ವಿದ್ವಾಂಸ, ಆರ್ಗನ್ ವಾದಕ ಎಂದು ಯುರೋಪಿನಲ್ಲಿ ಹೆಸರಾದ ಮೇಲೆ, 1905ರಲ್ಲಿ, ಮೂವತ್ತು ತುಂಬಿದಾಗ ವೈದ್ಯಕೀಯಕ್ಕೆ ಸೇರಿದರು. 1913ರಲ್ಲಿ ಆಫ್ರಿಕಾದ ಲಾಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದರು.

ಬೇರೆ ದೇಶಗಳು ಇದಕ್ಕೆ ಪ್ರತ್ಯೇಕ ಬಾಗಿಲನ್ನೇ ಇಟ್ಟಿವೆ. ಅಮೆರಿಕದಲ್ಲಿ ಡಿಗ್ರಿ ಮುಗಿಸಿದವರಿಗೇ ಮೆಡಿಕಲ್ ಸ್ಕೂಲು, ನಾಲ್ಕು ವರ್ಷ. ಹಾಗೆಂದು ಅಲ್ಲಿ ಹಾದಿ ಹೂವಿನದೇನಲ್ಲ: ನಮ್ಮಲ್ಲಿ ಬಿಇ ಮಾಡಿ ಅಲ್ಲಿ ನೆಲೆಸಿದ ಕನ್ನಡಿಗರು ಈ ಯೋಚನೆ ಮಾಡಿದರೆ, ಜೀವಶಾಸ್ತ್ರ, ಸಾವಯವ ರಸಾಯನದ ಕೋರ್ಸುಗಳನ್ನು ಲ್ಯಾಬ್ ಸಮೇತ ಅಲ್ಲಿನ ಕಾಲೇಜಿನಲ್ಲೇ ಮತ್ತೆ ಓದಬೇಕಾಗುತ್ತದೆ, ಗ್ರೀನ್ ಕಾರ್ಡ್ ಇಲ್ಲದವರಿಗೆ ಬಾಗಿಲು ತೆರೆಯುವ ಕಾಲೇಜುಗಳೇ ಕಡಿಮೆ. ಬ್ರಿಟನ್ನಿನಲ್ಲಿ 2000ನೇ ಇಸವಿಯಿಂದ ಪದವೀಧರರಿಗೆಂದೇ ನಾಲ್ಕು ವರ್ಷದ ಕೋರ್ಸುಗಳಿವೆ. ವಾರ್ವಿಕ್ ವಿಶ್ವವಿದ್ಯಾಲಯದಲ್ಲಂತೂ ಪದವೀಧರರನ್ನು ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಪದವೀಧರರಿಗೆ ಬೇರೆಯೇ ಪ್ರವೇಶ ಪರೀಕ್ಷೆ ಇದೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. ಕಾನೂನು ಓದಲು ಪಿಯುಸಿ ಆದವರಿಗೆ ಐದು ವರ್ಷ, ಡಿಗ್ರಿ ಆದವರಿಗೆ ಮೂರು ವರ್ಷ. ಡಿಪ್ಲೊಮಾ ಮಾಡಿದವರು ನೇರ ಬಿಇ ಎರಡನೇ ವರ್ಷಕ್ಕೆ ಹೋಗುತ್ತಾರೆ. ವೈದ್ಯಕೀಯದಲ್ಲಿ ಮಾತ್ರ ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದವರೂ ಮೊದಲ ವರ್ಷದ ಬಯೋಕೆಮಿಸ್ಟ್ರಿ ತರಗತಿಗೆ ಹಾಜರಾತಿ ಕೊಡಬೇಕು. ಹತ್ತು ವರ್ಷ ಐಸಿಯುನಲ್ಲಿ ದುಡಿದ ನರ್ಸ್ ನೀಟ್ ಬರೆದು ಸೊನ್ನೆಯಿಂದ ಶುರು ಮಾಡಬೇಕು. 2017ರ ಎನ್‌ಎಂಸಿ ಮಸೂದೆಯಲ್ಲಿ ಆಯುಷ್ ವೈದ್ಯರು ಅಲೋಪತಿ ಔಷಧಿ ಬರೆಯಲು ದಾರಿ ಮಾಡಿಕೊಡುವ ಬ್ರಿಜ್ ಕೋರ್ಸ್ ಇತ್ತು, ವೈದ್ಯರ ಪ್ರತಿಭಟನೆಯ ಎದುರು ಅದನ್ನು ಕೈಬಿಟ್ಟರು. ಅಡ್ಡದಾರಿಯ ಭಯ ನನಗೆ ಅರ್ಥವಾಗುತ್ತದೆ. ಅರೆಬೆಂದ ವೈದ್ಯರನ್ನು ಯಾರೂ ಕೇಳುತ್ತಿಲ್ಲ. ಆದರೆ ಪದವೀಧರರಿಗೆಂದು ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ ಹತ್ತೋ ಹದಿನೈದೋ ಸೀಟು ಬೇರೆ ಇಟ್ಟು, ಬೇರೆ ಪರೀಕ್ಷೆ ನಡೆಸಿ, ಬದಲಿಗೆ ಐದು ವರ್ಷ ತಾಲ್ಲೂಕಿನಲ್ಲೇ ಸೇವೆ ಮಾಡಬೇಕೆಂದು ಬರೆಸಿಕೊಂಡರೆ ಹದಿನೆಂಟರ ಹುಡುಗಿಯ ಸೀಟಿಗೂ ಕೈ ಹಾಕಿದಂತಾಗದು, ಖಾಲಿ ಬಿದ್ದ ಹುದ್ದೆಗೂ ಜನ ಸಿಕ್ಕಾರು. ಕಡ್ಡಾಯ ಗ್ರಾಮೀಣ ಸೇವೆಯ 2012ರ ಕಾಯ್ದೆ ನಮ್ಮ ರಾಜ್ಯದಲ್ಲಿ ಇದ್ದೇ ಇದೆ. ಆಮೇಲಿನ ತಿದ್ದುಪಡಿ ಅದನ್ನು ಖಾಲಿ ಹುದ್ದೆಗಳಿಗೆ ತಕ್ಕಂತೆ ಸಡಿಲ ಮಾಡಿತು ಅನ್ನುವುದು ಬೇರೆ ಮಾತು.

ಕೆಲಸ ಬಿಡಬೇಕೆಂದು ಕೂತವರು ಕೇಳಿದರೆ ನಾನು ಹೇಳುವುದು ಕಡಿಮೆ. ಖಾಸಗಿ ಕೋಟಾ ಸೀಟಿಗೆ ಮನೆ ಅಡವಿಟ್ಟು ಮೂವತ್ತೈದರಲ್ಲಿ ಹೋಗಬೇಡಿ. ಆ ಸಾಲ ತೀರಿಸುವ ಸಂಬಳ ಬರುವ ಹೊತ್ತಿಗೆ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ. ನೀಟ್ ಒಮ್ಮೆ ಕೆಲಸದಲ್ಲಿದ್ದೇ ಬರೆಯಿರಿ, ರಜೆ ಹಾಕಿ ಬರೆಯಿರಿ. ಅಂಕ ತಿಳಿದ ಮೇಲೆ ಮುಂದಿನ ಮಾತು. ಬೇಕಾಗಿರುವುದು ಡಾಕ್ಟರ್ ಆಗುವುದೋ, ಕಾಯಿಲೆಯವರ ಹತ್ತಿರ ಇರುವುದೋ ಎಂದು ಒಂದಿಷ್ಟು ದಿನ ಯಾವುದಾದರೂ ಹಾಸ್ಪೈಸ್‌ನಲ್ಲಿ, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರದಲ್ಲಿ, ಕೈಜೋಡಿಸಿ ನೋಡಿ. ಎರಡನೆಯದಾದರೆ ಹನ್ನೊಂದು ವರ್ಷ ಬೇಕಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈ ನಿರ್ಧಾರದ ಸುದ್ದಿಗಳಲ್ಲಿ ಹೆಚ್ಚಿನವು ಗಂಡಸರವು. ನನ್ನ ಪರಿಚಯದಲ್ಲೇ ಇನ್ನೊಬ್ಬರಿದ್ದಾರೆ, ಪಿಯುಸಿಯಲ್ಲಿ ಗೆಳೆಯನಿಗಿಂತ ಹೆಚ್ಚು ಅಂಕ ತೆಗೆದವರು, ಈಗ ಬ್ಯಾಂಕಿನಲ್ಲಿದ್ದಾರೆ. ಅವರೂ ನೀಟ್ ಬರೆಯುವ ಮಾತೆತ್ತಿದರು. “ಮೊದಲು ಮಗಳ ಎಸ್‌ಎಸ್‌ಎಲ್‌ಸಿ ಮುಗೀಲಿ ಕಣಮ್ಮ” ಎಂದು ಅತ್ತೆ ಅಂದದ್ದಕ್ಕೆ ಮಾತು ಅಲ್ಲಿಗೇ ನಿಂತಿತು. ಮಗಳ ಎಸ್‌ಎಸ್‌ಎಲ್‌ಸಿಗೆ ಇನ್ನೂ ಆರು ವರ್ಷ ಇದೆ.

ಗೆಳೆಯ ಬಿಟ್ಟು ಬರಲು ಆದದ್ದು ಹೆಂಡತಿಯ ಸಂಬಳ ಇದ್ದದ್ದಕ್ಕೆ. ಕಳೆದ ಸಲ ಅವರ ಮನೆಗೆ ಹೋಗಿದ್ದೆ. ಹಾಸ್ಟೆಲಿನಿಂದ ಶನಿವಾರ ರಾತ್ರಿ ಬಸ್ಸಿಗೆ ಬಂದಿದ್ದ ಅವನು ಫಾರ್ಮಕಾಲಜಿ ನೋಟ್ಸ್ ಎದೆ ಮೇಲಿಟ್ಟುಕೊಂಡು ಸೋಫಾದಲ್ಲೇ ನಿದ್ದೆ ಹೋಗಿದ್ದ. ಆಕೆ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ತೋರಿಸಿದರು. ಒಂದು ಕಾಲಂನಲ್ಲಿ ಮನೆ ಸಾಲದ ಕಂತು, ಪಕ್ಕದಲ್ಲಿ ಅವನ ಓದಿನ ವರ್ಷ. ಸಾಲ ಮುಗಿಯುವುದು 2033ರಲ್ಲಿ.

“ಇವ್ರು ಡಾಕ್ಟ್ರಾಗ್ತಿದ್ದಾರೆ ಅಂತ ಎಲ್ರೂ ಹೊಗಳ್ತಾರಣ್ಣ,” ಅಂದರು ಕಾಫಿ ಲೋಟ ಕೈಗಿಡುತ್ತಾ, “ಇಎಂಐ ನಾನಾಗಿದ್ದೀನಿ.”

ನಗುತ್ತಲೇ ಅಂದದ್ದು. ಹಾಳೆಯಲ್ಲಿ 2026ರ ಜೂನ್ ಸಾಲಿನ ಎದುರು ಕೆಂಪಿನಲ್ಲಿ ‘ಮಾವನವರ ಇನ್ಶೂರೆನ್ಸ್ ರಿನ್ಯೂವಲ್’ ಎಂದಿತ್ತು, ಮೊತ್ತದ ಜಾಗ ಖಾಲಿ.